ಗುಡಿ ಆಯಿಯ ನಂತರ ಕುಡಿದವರು

ಆಕೆ ನೀರು ಕುಡಿಯುವಾಗ ಮೊಣಕೈಗಳಿಂದ ನೀರು ಸೋರುತ್ತಿತ್ತು. ತನ್ನ ಮನೆಯಲ್ಲೂ ತಂಬಿಗೆಯನ್ನು ಸೊಸೆಯ ಕೈಗೆ ಕೊಟ್ಟು, ಮೇಲಿಂದ ಹೊಯ್ಯಿಸಿಕೊಂಡು ಬೊಗಸೆಯಲ್ಲೇ ಕುಡಿಯುತ್ತಿದ್ದಳು. ಲೋಟಕ್ಕೆ ತುಟಿ ಹಚ್ಚಿದರೆ ದಾಹ ಹೋಗುವುದಿಲ್ಲ ಎನ್ನುತ್ತಿದ್ದಳು.

ಕಮಲಾಪುರದ ಕ್ರೈಸ್ತರು ಪ್ರಾರ್ಥನೆಗೆ ಸೇರುವ ಜಾಗಕ್ಕೆ ಗುಡಿ ಎಂದೇ ಹೆಸರು. ಅದರ ಕಸ ಗುಡಿಸಿ ಗಂಟೆ ಬಾರಿಸುವ ಆಕೆ ನಮಗೆಲ್ಲ ಗುಡಿ ಆಯಿ. ಆಕೆ ಮಾದರ ಕೇರಿಯವಳು, ನಮ್ಮದು ಒಕ್ಕಲುತನದ ಮನೆ. ಕ್ರಿಸ್ತನ ಕಡೆಗೆ ಬಂದಾಗ ಎರಡೂ ಕಡೆಯವರು ಹಳೆಯ ದೇವರನ್ನು ಬಿಟ್ಟಿದ್ದೆವು, ಕೇರಿಯನ್ನು ಬಿಟ್ಟಿರಲಿಲ್ಲ. ಕ್ರಿಸ್ತನ ಕೊನೆಯ ಊಟದ ನೆನಪಿಗೆ ನಡೆಯುವ ಕರ್ತನ ಭೋಜನದ ದಿನ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದ ಮೇಲೆ ಪಾದ್ರಿಗಳು ಆಕೆಯ ಬೊಗಸೆಗೆ ಉಳಿದದ್ದನ್ನು ಹೊಯ್ಯುತ್ತಿದ್ದರು.

ನನಗೆ ಎಂಟು ವರ್ಷವಿದ್ದಾಗ ಕಲಬುರ್ಗಿಯ ಕೋಟೆಯ ಹೊರಗಿನ ಬಯಲಿನಲ್ಲಿ, ಪವಿತ್ರಾತ್ಮ ಮೈಮೇಲೆ ಬರಲೆಂದು ಪ್ರಾರ್ಥಿಸುವ ಉಜ್ಜೀವನ ಕೂಟ ನಡೆಯಿತು. ಬಂಡಿ ಕಟ್ಟಿಕೊಂಡು ಎಲ್ಲರೂ ಹೋದೆವು. ಡೇರೆಯೊಳಗೆ ಜನ ಎದೆ ಬಡಿದುಕೊಂಡು ಅತ್ತರು. ನನ್ನ ಅಪ್ಪನೂ ಅತ್ತ. ಆಯಿ ಮಾತ್ರ ಸುಮ್ಮನೆ ಕೂತಿದ್ದಳು.

"ಯಾಕ ಆಯಿ, ನಿನಗ ಆತ್ಮ ಬರಲಿಲ್ಲೇನು?" ಎಂದು ಚಿಗವ್ವ ಕೆಣಕಿದಳು.

"ಬಂದಿತ್ತರೀ. ನಿಮ್ಮ ಗದ್ದಲಾ ಕೇಳಿ ಬಾಗಲದಾಗೇ ನಿಂತದ."

ಮುಂದಿನ ಭಾನುವಾರ ಕಮಲಾಪುರದಲ್ಲಿ ಕರ್ತನ ಭೋಜನ. ಹೊಸದಾಗಿ ಬಂದಿದ್ದ ಪಾದ್ರಿಗಳು ಪಾತ್ರೆ ಹಿಡಿದು ನೇರವಾಗಿ ಕೊನೆಗೆ, ಆಯಿ ಕೂರುವ ಬಾಗಿಲ ಬಳಿಗೆ ನಡೆದರು. ಆಯಿ ಎದ್ದು ಬೊಗಸೆ ಒಡ್ಡಿದಳು. ಅವರು ಹೊಯ್ಯಲಿಲ್ಲ.

"ಬಾಯಿ ಹಚ್ಚವ್ವ. ದೇವರು ಮೊದಲ ನಿನ್ನ ಕರದಾನ."

"ಬ್ಯಾಡ್ರಿ ಅಯ್ನೋರ. ನಾ ಹಚ್ಚಿದರ ಇವರೆಲ್ಲಾ ಉಪಾಸ ಹೋಗ್ತಾರ."

"ಹೋಗಂಗಿಲ್ಲ. ಮೊನ್ನೆ ಎಷ್ಟ ಅತ್ತಾರ, ನೀನೇ ನೋಡೀಯಲ್ಲ?"

ಆಯಿ ಕುಡಿದಳು. ಕಣ್ಣು ಮುಚ್ಚಿ ಒಂದೇ ಗುಟುಕು. ಆಮೇಲೆ ಸೆರಗಿನಿಂದ ಪಾತ್ರೆಯ ಅಂಚನ್ನು ಒರೆಸಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿಬಿಟ್ಟಳು.

ಪಾದ್ರಿಗಳು ಪಾತ್ರೆ ಹಿಡಿದು ನಿಂತೇ ಇದ್ದರು. ಅಪ್ಪ ನೆಲ ನೋಡುತ್ತಿದ್ದ. ನನ್ನ ಕೈ ಹಿಡಿದಿದ್ದ ಅವ್ವನ ಬೆರಳುಗಳು ಒಮ್ಮೆ ಸಡಿಲವಾದವು, ಮತ್ತೆ ಬಿಗಿಯಾದವು. ಯಾರೂ ಏಳಲಿಲ್ಲ. ಕೊನೆಗೆ ಪಾದ್ರಿಗಳೊಬ್ಬರೇ ಅದನ್ನು ಕುಡಿದು ಮುಗಿಸಿದರು. ಆ ವರ್ಷವೇ ಅವರಿಗೆ ಬೀದರಿನ ಕಡೆಗೆ ವರ್ಗವಾಯಿತು. ನಂತರ ಬಂದವರು ಮತ್ತೆ ಬೊಗಸೆಗೆ ಹೊಯ್ದರು. ಆ ದಿನದ ಬಗ್ಗೆ ಆಯಿ ಏನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಾನು ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದಾಗ ಆಕೆಗೆ ಜ್ವರ ಏರಿತು. ಅವ್ವ ಮತ್ತು ನಾನು ನೋಡಲು ಹೋದೆವು. ಆಯಿ ಅವ್ವನ ಮುಖ ನೋಡಿ ಕೇಳಿದಳು.

"ಅವತ್ತ ನಾ ಹೋದ ಮ್ಯಾಲ ಯಾರರ ಕುಡದ್ರೇನ್ರಿ?"

"ಕುಡದ್ರು ಆಯಿ," ಎಂದಳು ಅವ್ವ. "ಎಲ್ಲಾರೂ ಕುಡದ್ರು."

"ನೀವು?"

"ನಾನೂ."

ಆಯಿ ಕಣ್ಣು ಮುಚ್ಚಿದಳು. ನಂಬಿದಳೋ, ಅವ್ವನನ್ನು ಕ್ಷಮಿಸಿದಳೋ ತಿಳಿಯಲಿಲ್ಲ. ಮರುದಿನ ಗುಡಿಯಲ್ಲಿ ಆಯಿಯ ಸಾವಿನ ಗಂಟೆಯನ್ನು ಬೇರೆ ಯಾರೋ ಬಾರಿಸಿದರು.

ಅಂದಿನಿಂದ ಅವ್ವ ಕರ್ತನ ಭೋಜನಕ್ಕೆ ಏಳುವುದಿಲ್ಲ. ನಾನೀಗ ಕಲಬುರ್ಗಿಯಲ್ಲಿ ಪಾಠ ಹೇಳುತ್ತೇನೆ. ಇಲ್ಲಿನ ಗುಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಗಾಜಿನ ಲೋಟ ಬಂದಿದೆ. ಆರೋಗ್ಯಕ್ಕೆ ಒಳ್ಳೆಯದಂತೆ. ಈಗ ಯಾರ ನಂತರವೂ ಯಾರೂ ಕುಡಿಯಬೇಕಾಗಿಲ್ಲ. ಆದರೂ ನನ್ನ ಲೋಟ ಎತ್ತಿದಾಗಲೆಲ್ಲ ಆಯಿಯ ಆ ಪ್ರಶ್ನೆ ಹೊರಗಿನಿಂದ ಕೇಳಿಸುತ್ತದೆ. ಅವ್ವನಂತೆ ಉತ್ತರ ಕೊಡಲು ನನಗೆ ಬಾಯಿ ಬರುವುದಿಲ್ಲ.