ಓಡೆಟ್ಟವ್ವನ ಸೋಮವಾರದ ಒಗ್ಯಾಣ

ಬೆಳಿಗ್ಗೆ ಸೂಟ್‌ಕೇಸ್ ಇಳಿಸಿಕೊಳ್ಳಲೆಂದು ಬೀರುವಿನ ಬಾಗಿಲು ತೆರೆದೆ. ಮುಂದಿನ ವಾರ ಮಗಳಿಗೆ ಮೇ ರಜೆ, ನಾವು ಫ್ರಾನ್ಸಿಗೆ ಹೊರಟಿದ್ದೇವೆ. ಸೂಟ್‌ಕೇಸು ಬರಲಿಲ್ಲ, ಅದರ ಮೇಲಿದ್ದ ಟವೆಲುಗಳ ರಾಶಿ ಬಂತು, ಜೊತೆಗೆ ಸೋಪಿನ ತುಂಡೊಂದು ಉರುಳಿ ನನ್ನ ಕಾಲ್ಬೆರಳಿನ ಮೇಲೆ ಬಿತ್ತು. ಅರ್ಧ ಇಟ್ಟಿಗೆಯಷ್ಟು ದಪ್ಪ, ಅಷ್ಟೇ ಗಟ್ಟಿ. ಬೆರಳು ಉಜ್ಜಿಕೊಳ್ಳುತ್ತ ಎತ್ತಿ ಮೂಸಿದೆ. ಎಣ್ಣೆಯ ಒಗರು ವಾಸನೆ ಇನ್ನೂ ಹಾಗೆಯೇ ಇತ್ತು. ನಿಮಗೆ ಹೇಗೋ ಕಾಣೆ, ನನಗಂತೂ ಕೆಲವು ವಾಸನೆಗಳು ಮೂಗಿಗೆ ಬಡಿದರೆ ಅವತ್ತಿನ ಕೆಲಸ ಕೆಟ್ಟಿತೆಂದೇ ಲೆಕ್ಕ. ಸೂಟ್‌ಕೇಸನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕುಳಿತೆ.

ಈ ಸೋಪು ನಮ್ಮ ಅತ್ತೆಗೆ ಬಂದ ಉಡುಗೊರೆ. ಅತ್ತೆ ಗದಗಿನ ಕಡೆಯವರು, ನಾನು ಮೈಸೂರಿನವಳು. ನಮ್ಮ ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಮಾತಾಡುವುದು ಒಂದೇ ಭಾಷೆ ಎಂಬುದರ ಬಗ್ಗೆ ನನಗೆ ಅನುಮಾನವಿತ್ತು. ಅವರು ನೆದರ್‌ಲ್ಯಾಂಡ್ಸಿನ ರೈಸ್‌ವೈಕಿನಲ್ಲಿರುವ ನಮ್ಮ ಮನೆಗೆ ಮೊದಲ ಸಲ ಬಂದಾಗ, ಹಿತ್ತಿಲಿನ ಆಚೆ ಹರಿಯುವ ಕಾಲುವೆಯನ್ನು ಬಹಳ ಹೊತ್ತು ನೋಡುತ್ತ ನಿಂತರು. ಸೌಂದರ್ಯ ಸವಿಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಹೇಳಿದರು:

"ಇಷ್ಟ ನೀರ ಅದಾವ, ಒಬ್ಬಾಕೆರ ಒಗ್ಯಾಣ ಹಾಕ್ಕೊಂಡ ಕುಂತಾಳೇನ ನೋಡು!"

ಒಗ್ಯಾಣ ಎಂದರೆ ಬಟ್ಟೆ ಒಗೆಯುವ ಕೆಲಸ. ಮೈಸೂರಿನ ನಮ್ಮ ಹಿತ್ತಿಲಲ್ಲೂ ಒಗೆಯುವ ಕಲ್ಲೊಂದಿತ್ತು. ಮನೆ ಹೊಸದಾಗಿ ಕಟ್ಟಿಸುವಾಗ ಅಪ್ಪ ಅದನ್ನು ಕಿತ್ತು ಟೈಲ್ಸ್ ಹಾಕಿಸಿದರು, ನಾವು ಯಾರೂ ಅಳಲಿಲ್ಲ. ಆದರೆ ಅತ್ತೆ ಹಳ್ಳದ ದಂಡೆಯಲ್ಲಿ ಒಗೆದು ಬೆಳೆದವರು. ನಮ್ಮ ವಾಷಿಂಗ್ ಮೆಷಿನ್ನನ್ನು ಹೇಗೋ ಕ್ಷಮಿಸಿದರು, ಡ್ರೈಯರನ್ನು ಮಾತ್ರ ಕ್ಷಮಿಸಲಿಲ್ಲ. ಡಬ್ಬಿಯಲ್ಲಿ ಒಣಗಿದ ಸೀರೆ ಉಟ್ಟರೆ ಮೈ ಕಡಿಯುತ್ತದಂತೆ.

ಆ ಬೇಸಿಗೆಯಲ್ಲಿ ಅವರನ್ನು ಫ್ರಾನ್ಸಿಗೆ ಕರೆದುಕೊಂಡು ಹೋದೆವು. ಪ್ಯಾರಿಸ್ಸಿನ ಗೋಪುರ ತೋರಿಸುವ ಆಸೆ ನನ್ನ ಗಂಡ ವೀರೇಶನದು. ಎತ್ತರ ಅಂದರೆ ತಲೆ ತಿರುಗುತ್ತದೆ ಎಂದು ಅತ್ತೆ ಅದನ್ನು ತಳ್ಳಿಹಾಕಿದರು. ಕೊನೆಗೆ ಬರ್ಗಂಡಿಯ ಹಳೆಯ ಕಾಲುವೆಯೊಂದರ ದಂಡೆಯಲ್ಲಿ, ಹತ್ತಾರು ಮನೆಗಳ ಪುಟ್ಟ ಊರಿನಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದೆವು. ಸರಕಿನ ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದ ಕಾಲದಲ್ಲಿ ಅದು ಗಿಜಿಗುಡುವ ಊರಂತೆ. ಈಗ ಉಳಿದದ್ದು ಕುದುರೆ ನಡೆದ ದಾರಿ, ಕಾಲುವೆಯ ನೀರು ತಡೆದು ದೋಣಿಗಳನ್ನು ಏರಿಸಿ ಇಳಿಸುವ ಮರದ ಬಾಗಿಲು, ಅದನ್ನು ಕಾಯುವವನ ಮನೆ, ಅದರ ಪಕ್ಕದಲ್ಲಿ ಹೆಂಚು ಹೊದಿಸಿದ ಒಗೆಯುವ ಕಟ್ಟೆ. ಕಾಲುವೆಯ ನೀರು ಸಣ್ಣ ತೂಬಿನಿಂದ ಕಟ್ಟೆಯ ತೊಟ್ಟಿಗೆ ಬರುತ್ತಿತ್ತು. ಸುತ್ತ ನೀರಿನ ಕಡೆಗೆ ಓರೆಯಾಗಿ ಕೂರಿಸಿದ, ಸವೆದು ನುಣುಪಾದ ಕಲ್ಲುಗಳು. ಗೋಡೆಯ ಮೇಲೆ, ಇದು ಪಾರಂಪರಿಕ ಸ್ಥಳ, ಕಾಪಾಡಿ ಎಂಬ ಫಲಕ.

ಫಲಕ ಓದಿ, ಫೋಟೋ ತೆಗೆದು, ಗೌರವದಿಂದ ಹಿಂದೆ ಸರಿದವಳು ನಾನು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ಬಂದರೆ, ಅತ್ತೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಆ ಪಾರಂಪರಿಕ ಸ್ಥಳದಲ್ಲಿ ತಮ್ಮ ಇಳಕಲ್ ಸೀರೆಯನ್ನು ಎತ್ತಿ ಎತ್ತಿ ಬಡಿಯುತ್ತಿದ್ದಾರೆ! ಸದ್ದು ಇಡೀ ಊರಿಗೆ ಕೇಳಿಸುತ್ತಿತ್ತು. ನಮ್ಮ ನೆದರ್‌ಲ್ಯಾಂಡ್ಸಿನಲ್ಲಿ ಯಾವ ತಪ್ಪಿಗೂ 'ಬೂಟೆ' ಎಂಬ ದಂಡ ಅಂಚೆಯಲ್ಲಿ ಬರುತ್ತದಲ್ಲ, ಆ ಭಯ ರಕ್ತದಲ್ಲೇ ಇಳಿದಿದೆ. ಬರಿಗಾಲಲ್ಲಿ ಓಡಿದೆ.

"ಅತ್ತೆ, ಎದ್ದೇಳಿ! ಇಲ್ಲಿ ಒಗೀಬಾರದು, ಬೂಟೆ ಹಾಕ್ತಾರೆ!"

"ಯಾಕ ಹಾಕ್ತಾರ? ಕಲ್ಲ ಹಾಕಿದ್ದ ಒಗ್ಯಾಕ ಅಲ್ಲೇನು?"

ಅಷ್ಟರಲ್ಲಿ ಕೆಳಮನೆಯ ಓಡೆಟ್ ಬಂದೇಬಿಟ್ಟರು. ನಮಗೆ ಮಹಡಿ ಬಾಡಿಗೆ ಕೊಟ್ಟಿದ್ದ ಮುದುಕಿ. ಬಲಗೈಗೆ ಪ್ಲಾಸ್ಟರು. ಅವರು ಹುಡುಗಿಯಾಗಿದ್ದಾಗ ಆ ಮರದ ಬಾಗಿಲು ಕಾಯುತ್ತಿದ್ದವರು ಅವರ ಅಪ್ಪನೇ. ಪ್ರತಿ ಬೇಸಿಗೆ ಡಚ್ ಪ್ರವಾಸಿಗಳು ಬಂದು ಬಂದು ಅವರಿಗೆ ಒಂದಿಷ್ಟು ಡಚ್ ಬರುತ್ತಿತ್ತು. ನನ್ನದೂ ಅದೇ ಮಟ್ಟದ ಡಚ್ಚಾದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು. ನಾನು ಕ್ಷಮೆ ಕೇಳಲು ಶುರುಮಾಡಿದೆ. ಓಡೆಟ್ ನನ್ನನ್ನು ನೋಡಲೇ ಇಲ್ಲ. ಅತ್ತೆಯ ಕೈಗಳನ್ನೇ ನೋಡುತ್ತ ಕೇಳಿದರು:

"ಇವರು ನಾಳೆ, ಸೋಮವಾರ, ಇನ್ನೊಂದು ಸಲ ಒಗೆಯುತ್ತಾರೆಯೇ?"

ವಿಷಯ ಹೀಗಿತ್ತು. ಯಾರೂ ಬಳಸದ ತೊಟ್ಟಿಯಲ್ಲಿ ನೀರೇಕೆ, ಮಕ್ಕಳು ಬಿದ್ದರೆ ಯಾರು ಹೊಣೆ ಎಂದು ಊರಿನ ಆಡಳಿತದವರು ತೂಬು ಮುಚ್ಚಿ, ಮಣ್ಣು ತುಂಬಿ, ಹೂವಿನ ಗಿಡ ನೆಡುವ ಯೋಚನೆಯಲ್ಲಿದ್ದರು. ಫಲಕ ಉಳಿಯುತ್ತದೆ, ಕಲ್ಲೂ ಉಳಿಯುತ್ತದೆ, ನೀರು ಹೋಗುತ್ತದೆ. ಯಾರೂ ಬಳಸುವುದಿಲ್ಲ ಎನ್ನಬಾರದು ಎಂದೇ ಓಡೆಟ್ ವರ್ಷಗಳಿಂದ ಪ್ರತಿ ಸೋಮವಾರ ಅಲ್ಲಿ ಮಂಡಿಯೂರಿ ಏನಾದರೊಂದು ಒಗೆಯುತ್ತಿದ್ದರು. ಒಗೆಯಲು ಏನೂ ಇಲ್ಲದಿದ್ದರೆ, ಶುಭ್ರವಾದ ಕರವಸ್ತ್ರವನ್ನೇ. ಕೊನೆಯ ತೀರ್ಮಾನಕ್ಕೆಂದು ಆಡಳಿತದವರು ಮರುದಿನವೇ ಬರುವವರಿದ್ದರು, ಅಷ್ಟರಲ್ಲಿ ಓಡೆಟ್ ಅವರ ಕೈ ಮುರಿದಿತ್ತು.

ಅತ್ತೆಗೆ ವಿವರಿಸಿದೆ. ಅವರು ಸೀರೆ ಹಿಂಡುತ್ತಲೇ, "ಪಂಚಾಯ್ತಿಯವರು ಎಲ್ಲಾ ಕಡೆ ಒಂದ ಥರ ನೋಡು," ಎಂದರು. ಆಮೇಲೆ ಓಡೆಟ್ ಕಡೆ ತಿರುಗಿ ಗದಗಿನ ಕನ್ನಡದಲ್ಲೇ ಹೇಳಿದರು: "ನಿನ್ನ ಕೈ ಮುರದ್ರ ಏನಾತು, ಓಡೆಟ್ಟವ್ವ? ನನ್ನ ಕೈ ಅದಾವಲ್ಲ. ತಾ ನಿನ್ನ ಚಾದರ."

ಸೋಮವಾರ ಓಡೆಟ್ ತಮ್ಮ ತಾಯಿಯ ಕಾಲದ ಲಿನನ್ ಚಾದರಗಳನ್ನು ತಂದರು, ಜೊತೆಗೆ ಅತ್ತೆಗೆಂದು ಈ ಸೋಪು. ಅವರ ಪದ್ಧತಿ ಮಂಡಿಯೂರಿ, ಹಲಗೆಯಿಂದ ಮೆಲ್ಲಗೆ ತಟ್ಟುವುದು. ಅತ್ತೆಯದು ನಿಂತು, ತಲೆಯ ಮೇಲೆತ್ತಿ ಕಲ್ಲಿಗೆ ಅಪ್ಪಳಿಸುವುದು. ಮೊದಲ ಏಟಿಗೇ ಓಡೆಟ್ ಕಣ್ಣು ಮುಚ್ಚಿಕೊಂಡರು. ಅಳತೆಯ ಟೇಪು ಹಿಡಿದು ಬಂದ ಅಧಿಕಾರಿಯ ಶೂಗಳ ಮೇಲೆಲ್ಲ ನೀರು ಹಾರಿತು. ಆತ ಎರಡು ಹೆಜ್ಜೆ ಹಿಂದೆ ಸರಿದು, ಈಕೆ ಈ ಊರಿನವಳಲ್ಲವಲ್ಲ ಎಂದ. ಅದಕ್ಕೆ ತಾವು ಕೊಟ್ಟ ಉತ್ತರವನ್ನು ಓಡೆಟ್ ಆಮೇಲೆ ನನಗೆ ಡಚ್ಚಿನಲ್ಲಿ ಹೇಳಿದರು:

"ದೋಣಿಯವರ ಹೆಂಡತಿಯರೂ ಇಲ್ಲೇ ಒಗೆಯುತ್ತಿದ್ದರು. ಅವರಲ್ಲಿ ಒಬ್ಬಳೂ ಈ ಊರಿನವಳಲ್ಲ."

ಆತ ಅಳತೆ ಮಾಡಿಕೊಂಡು ಹೋದ. ಚಳಿ ಶುರುವಾಗುವ ಹೊತ್ತಿಗೆ ಓಡೆಟ್ ಫೋನ್ ಮಾಡಿದರು: ತೊಟ್ಟಿಗೆ ಒಂದು ಕಡೆ ಕಂಬಿಯ ಬೇಲಿ ಹಾಕಿದ್ದಾರೆ, ನೀರು ಉಳಿದಿದೆ. ಗದಗಿಗೆ ಮರಳಿದ್ದ ಅತ್ತೆಗೆ ಸುದ್ದಿ ಮುಟ್ಟಿಸಿದೆ. "ಒಗಿಯೂ ಕಲ್ಲಿನ ಮ್ಯಾಲೆ ಹೂವ ಬೆಳಸ್ತಾರಂತ ಹೂವಾ!" ಎಂದು ಬಹಳ ಹೊತ್ತು ನಕ್ಕರು.

ಅತ್ತೆ ತೀರಿಕೊಂಡು ಒಂದು ಚಳಿಗಾಲ ಕಳೆದಿದೆ. ಅವರು ಕೊನೆಯ ಸಲ ಉಟ್ಟು ಮಡಿಸಿಟ್ಟಿದ್ದ ಅದೇ ಇಳಕಲ್ ಸೀರೆಯನ್ನು, ಒಗೆಯಲು ಬಿಡದೆ, ಗದಗಿನಿಂದ ತಂದೆ. ಅದರಲ್ಲಿ ವಿಭೂತಿಯ, ಹರಳೆಣ್ಣೆಯ ವಾಸನೆಯಿತ್ತು. ಅತ್ತೆಯದೇ ವಾಸನೆ. ಹೋಗಿಬಿಟ್ಟೀತೆಂದು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಜಿಪ್ ಹಾಕಿ ಬೀರುವಿನಲ್ಲಿಟ್ಟೆ. ಮಗಳು ಧಾತ್ರಿಗೂ ಮುಟ್ಟಬೇಡ ಎಂದು ತಾಕೀತು ಮಾಡಿದ್ದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು, ಆದ್ದರಿಂದ ನಗುವುದಿಲ್ಲ ಎಂದುಕೊಂಡು ಹೇಳುತ್ತಿದ್ದೇನೆ.

ಇವತ್ತು ಸೋಪು ಕೈಯಲ್ಲಿ ಹಿಡಿದೇ ಆ ಕವರಿನ ಜಿಪ್ಪು ತೆಗೆದೆ. ಮುಖ ಹುದುಗಿಸಿದೆ. ಪ್ಲಾಸ್ಟಿಕ್ಕಿನ ವಾಸನೆ. ಸೆರಗನ್ನು ಬಿಡಿಸಿ ಮೂಸಿದೆ, ಒಳಮಡಿಕೆಗಳನ್ನು ಮೂಸಿದೆ. ಬರೀ ಪ್ಲಾಸ್ಟಿಕ್ಕು. ಅಳು ಬಂತು, ತಡೆಯಲಿಲ್ಲ. ಯಾರೂ ಕೈಯಿಡದಂತೆ ನಾನೇ ಕಾದಿದ್ದೆ, ಆದರೂ ಹೋಗಿತ್ತು. ಬೀರುವಿಗೂ ಫಲಕವೊಂದನ್ನು ಅಂಟಿಸುವುದಷ್ಟೇ ಬಾಕಿ ಇತ್ತು.

ಮೊನ್ನೆ ಫೋನಿನಲ್ಲಿ ಓಡೆಟ್ ಹೇಳಿದ್ದು ಆಗ ನೆನಪಾಯಿತು. ಅವರಿಗೀಗ ಮಂಡಿಯೂರಲು ಆಗುವುದಿಲ್ಲವಂತೆ. "ನೀವು ಬರುವ ವಾರ ಒಗೆಯಲು ನನಗೆ ಯಾರೂ ಇಲ್ಲ," ಎಂದಿದ್ದರು. ನಾನು ಏನೋ ಸಮಾಧಾನ ಹೇಳಿ ಇಟ್ಟಿದ್ದೆ.

ಎದ್ದು ಕನ್ನಡಿಯ ಮುಂದೆ ಆ ಸೀರೆ ಉಟ್ಟುಕೊಂಡೆ. ನೆರಿಗೆ ಸರಿಯಾಗಿ ಕೂರಲಿಲ್ಲ. ಬಾಗಿಲಲ್ಲಿ ಧಾತ್ರಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

"ಅಮ್ಮಾ, ದಟ್ಸ್ ಅಜ್ಜೀಸ್! ಮುಟ್ಟಬೇಡ ಅಂತ ನೀನೇ ಹೇಳಿದ್ಯಲ್ಲ! ಕೊಳೆ ಆಗತ್ತೆ!"

"ಆಗ್ಲಿ ಬಿಡೇ," ಎಂದೆ. ಸೂಟ್‌ಕೇಸು ಇಳಿಸಿ ಸೋಪನ್ನು ಅದಕ್ಕೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಸೋಮವಾರ ಒಗ್ಯಾಣ ಐತಿ."