ಲವಂಗ ಕಚ್ಚಿದ ಮಾಸ್ಟರ್

ಮಾಸ್ಟರ್ ಕೂಗುವಾಗ ಅವರ ಕತ್ತಿನ ಎಡಗಡೆ ಒಂದು ನರ ಕಿರುಬೆರಳಿನಷ್ಟು ದಪ್ಪಗೆ ಎದ್ದು ನಿಲ್ಲುತ್ತಿತ್ತು. ಬಿಸಿಲಿಗೆ ಕಂದಿದ ಚರ್ಮ, ಬೆವರಿಗೆ ಅಂಟಿಕೊಂಡ ಸಣ್ಣ ಶಿಲುಬೆ, ಅದರ ಪಕ್ಕದಲ್ಲಿ ಈ ನರ. ಹಲಸೂರಿನ ಮಣ್ಣಿನ ಮೈದಾನದಲ್ಲಿ ಆಡುತ್ತಿದ್ದ ನಮಗೆ ಚೆಂಡಿಗಿಂತ ಆ ನರದ ಮೇಲೇ ಹೆಚ್ಚು ಗಮನ.

"ಲೆಫ್ಟ್ ನೋಡಮ್ಮಾ! ಕೊಡು! ಕೊಡು ಅಂದ್ರೆ ಕೊಡು! ಅಯ್ಯೋ ಕಡವುಳೇ, ಈಗ್ ಒದಿ!"

ಕನ್ನಡ, ತಮಿಳು, ಇಂಗ್ಲಿಷ್ ಎಲ್ಲ ಒಂದೇ ಉಸಿರಿನಲ್ಲಿ. ಕಾರ್ಖಾನೆಯೊಂದರ ಫುಟ್‌ಬಾಲ್ ತಂಡಕ್ಕೆ ವರ್ಷಗಟ್ಟಲೆ ಆಡಿ ನಿವೃತ್ತರಾದವರು ಅವರು. ಕಾಕ್ಸ್‌ಟೌನಿನ ಹಳೇ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ಸುಮ್ಮನೆ ಕೂರಲಾರದೆ ನಮ್ಮ ಹುಡುಗಿಯರ ತಂಡ ಕಟ್ಟಿದರು. ಹದಿನೈದರ ನಾನು ಅದರ ಕ್ಯಾಪ್ಟನ್.

ನಮ್ಮದು ಕಗ್ಗದಾಸಪುರ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ. ಬಾಡಿಗೆದಾರರ ನಲ್ಲಿ ರಿಪೇರಿ ಬಿಟ್ಟರೆ ಅಪ್ಪನಿಗೆ ಇದ್ದ ಕೆಲಸವೆಂದರೆ ನನ್ನನ್ನು ಸ್ಕೂಟರಿನಲ್ಲಿ ಮೈದಾನಕ್ಕೆ ಕರೆತಂದು, ಗೆರೆಯಾಚೆ ನಿಂತು ಮಾಸ್ಟರ್ ಕೂಗುವುದನ್ನು ಕೇಳಿ ಆನಂದಪಡುವುದು. "ಕಲಿಸೋರು ಅಂದ್ರೆ ಹಿಂಗಿರ್ಬೇಕು. ಗಂಟ್ಲು ಹರಿದ್ರೂ ಬಿಡಲ್ಲ ನೋಡು" ಅನ್ನುತ್ತಿದ್ದರು.

ಆ ದನಿಗೆ ನಾವು ಎಷ್ಟು ಒಗ್ಗಿಹೋಗಿದ್ದೆವೆಂದರೆ, ಶಿವಾಜಿನಗರದ ತಂಡದ ಮೇಲೆ ಆಡುವಾಗ ಒಂದು ಅನಾಹುತವೇ ನಡೆಯಿತು. ಚೆಂಡು ಉರುಳಿಕೊಂಡು ನೇರವಾಗಿ ನಮ್ಮ ಗೋಲ್‌ಕೀಪರ್ ಕೈಗೇ ಬರುತ್ತಿತ್ತು. ಅಷ್ಟರಲ್ಲಿ, "ಬಿಟ್ಬಿಡಮ್ಮಾ, ಔಟ್ ಹೋಗುತ್ತೆ!" ಎಂದು ಮಾಸ್ಟರ್ ದನಿ. ಅವಳು ವಿಧೇಯಳಾಗಿ ಕೈ ಹಿಂದಕ್ಕೆಳೆದುಕೊಂಡಳು. ಚೆಂಡು ಬಲೆಯೊಳಗೆ ಹೋಯಿತು. ಕೂಗಿದ್ದು ಮಾಸ್ಟರ್ ಅಲ್ಲ, ಎದುರು ತಂಡದ ಕಡೆಯ ಒಬ್ಬ ತುಂಟ. ಅವರ ದನಿಯನ್ನು ಥೇಟ್ ಹಾಗೇ ಅನುಕರಿಸಿದ್ದ. ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಮ್ಮ ಹುಡುಗಿ ಅಳುತ್ತಿದ್ದರೆ, ಮಾಸ್ಟರ್‌ಗೆ ಒಳಗೊಳಗೇ ಹೆಮ್ಮೆ. "ನೋಡಿದ್ರಾ, ನನ್ ವಾಯ್ಸ್‌ಗೆ ಎಷ್ಟು ಪವರ್ ಇದೆ!" ಅಂದರು.

ಅದೇ ವರ್ಷ ಫುಟ್‌ಬಾಲ್ ಸಂಸ್ಥೆಯವರು ಊರಿನ ಕೆಲವು ಕೋಚ್‌ಗಳನ್ನು ಎರಡು ವಾರ ಹಾಲೆಂಡಿಗೆ ಕಲಿಯಲು ಕಳಿಸಿದರು. ಆ ಗುಂಪಿನಲ್ಲಿ ನಮ್ಮ ಮಾಸ್ಟರೂ ಇದ್ದರು. ಅವರ ಹೆಂಡತಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ಶಿವಾಜಿನಗರದಲ್ಲಿ ಕೊಂಡ ಸ್ವೆಟರ್ ಹಾಕಿಕೊಂಡೇ, ಇಲ್ಲಿನ ಸೆಕೆಯಲ್ಲೇ, ಅವರು ವಿಮಾನ ಹತ್ತಿದರು. ವಾಪಸ್ ಬರುವಾಗ ಅದೇನೋ ಮಂತ್ರ ತರುತ್ತಾರೆಂದು ನಾವೆಲ್ಲ ಕಾದೆವು.

ಚಾಕೊಲೇಟ್ ತಂದರು. ಮತ್ತೆ, ಕೂಗುವುದನ್ನು ನಿಲ್ಲಿಸಿಬಿಟ್ಟರು.

ಪಂದ್ಯ ಶುರುವಾಗುವ ಮುನ್ನ ಶರ್ಟಿನ ಜೇಬಿನಿಂದ ಒಂದು ಲವಂಗ ತೆಗೆದು ಹಲ್ಲಿನ ನಡುವೆ ಇಟ್ಟುಕೊಳ್ಳುವರು. ಆಮೇಲೆ ಕೈಕಟ್ಟಿ ನಿಲ್ಲುವರು. ನರ ಏಳುತ್ತಿತ್ತು, ಹಾಗೇ ಇಳಿಯುತ್ತಿತ್ತು. ನಾವು ಚೆಂಡು ಕಾಲಿಗೆ ಬಂದ ಕೂಡಲೇ ಅವರ ಕಡೆ ತಿರುಗುತ್ತಿದ್ದೆವು. ಅವರು ಆಕಾಶ ನೋಡುತ್ತಿದ್ದರು. ಅಷ್ಟರಲ್ಲಿ ಚೆಂಡು ಬೇರೆಯವರ ಪಾಲಾಗಿರುತ್ತಿತ್ತು. ಮೊದಲ ಪಂದ್ಯ ಹೀನಾಯವಾಗಿ ಸೋತೆವು, ಎರಡನೆಯದನ್ನೂ.

"ಹೋಗೋವಾಗ ಚೆನ್ನಾಗೇ ಇದ್ರಲ್ಲ, ಬರೋವಾಗ ಮೂಗರಾಗಿ ಬಂದವ್ರೆ!" ಅಪ್ಪ ಸ್ಕೂಟರಿನ ಮೇಲೆಯೇ ತೀರ್ಪು ಕೊಟ್ಟರು. "ಬರೋ ಭಾನುವಾರಾನೂ ಹಿಂಗೇ ಆದ್ರೆ ನಿನ್ನ ಇಂದಿರಾನಗರದ ಅಕಾಡೆಮಿಗೆ ಹಾಕ್ಬಿಡ್ತೀನಿ. ಅಲ್ಲಿ ಹುಲ್ಲಾದ್ರೂ ಐತೆ." ಉಳಿದ ಹುಡುಗಿಯರ ಮನೆಗಳಲ್ಲೂ ಇದೇ ಮಾತು. ನಾನು ಬಿಟ್ಟರೆ ನನ್ನ ಹಿಂದೆ ಅರ್ಧ ತಂಡ ಹೊರಡುತ್ತಿತ್ತು, ಅಲ್ಲಿಗೆ ತಂಡವೇ ಮುಗಿದಂತೆ. ನನಗೆ ಆ ಮೈದಾನ, ಆ ಹುಡುಗಿಯರು ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ.

ತಡೆಯಲಾರದೆ ಅವರ ಮನೆಗೇ ಹೋದೆ. ಜಗಲಿಯ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದರು.

"ಯಾಕ್ ಮಾಸ್ಟರ್ ನಮ್ ಮೇಲೆ ಕೋಪ?" ಅಂದೆ.

"ಕೋಪ ಇಲ್ಲಮ್ಮಾ. ಕೂತ್ಕೋ" ಎಂದು ಕಥೆ ಹೇಳಿದರು.

ಹಾಲೆಂಡಿನ ಒಂದು ಸಣ್ಣ ಊರಿನಲ್ಲಿ ಮಕ್ಕಳ ಪಂದ್ಯ. ಇವರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರಂತೆ. ಆ ಮಕ್ಕಳ ಕೋಚ್ ಒಬ್ಬ ವಯಸ್ಸಾದ ಹೆಂಗಸು, ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು, ಬಾಯಿಂದ ಒಂದು ಮಾತಿಲ್ಲ. ಚೋಟುದ್ದದ ಹುಡುಗಿಯೊಬ್ಬಳ ಕಾಲಿಗೆ ಚೆಂಡು ಸಿಕ್ಕಿತು. "ನನ್ ಕೈಲಿ ತಡ್ಕೊಳಕ್ಕಾಗ್ಲಿಲ್ಲ. 'ಲೆಫ್ಟ್! ಲೆಫ್ಟ್!' ಅಂತ ಕೂಗ್ಬಿಟ್ಟೆ. ಆ ಪಾಪು ಗಕ್ಕಂತ ನಿಂತು ನನ್ನೇ ನೋಡ್ತು. ಚೆಂಡು ಹೋಯ್ತು. ಆ ಮುಖ ಇದ್ಯಲ್ಲ, ನಮ್ ಗೋಲ್‌ಕೀಪರ್ ಮುಖಾನೇ ಅದು. ಕೈ ಹಿಂದಕ್ಕೆಳ್ಕೊಂಡ್ಳಲ್ಲ, ಅವತ್ತಿನ ಮುಖ."

ಆ ಹೆಂಗಸು ಬೈಯಲಿಲ್ಲವಂತೆ. ಎದ್ದು ಬಂದು ಇವರ ಕೈಗೆ ಒಂದು ಪೆಪ್ಪರ್‌ಮಿಂಟ್ ಕೊಟ್ಟು, ಬಾಯಿಗೆ ಹಾಕಿಕೊಳ್ಳಿ ಎಂದು ಸನ್ನೆ ಮಾಡಿ, ಹೋಗಿ ಕೂತರಂತೆ. ಅರ್ಧ ಆಟ ಮುಗಿದಾಗ ಮಕ್ಕಳೇ ಮಾತಾಡಿಕೊಂಡರು, ಆಕೆ ಕೇಳಿಸಿಕೊಂಡರು. "ನಂಗೆ ಶುಗರ್ ಅಲ್ವಾ, ದಿನಾ ಪೆಪ್ಪರ್‌ಮಿಂಟ್ ತಿನ್ನೋಕಾಗಲ್ಲ. ಅದಕ್ಕೆ ರಸೆಲ್ ಮಾರ್ಕೆಟಿಂದ ಲವಂಗ ತಂದೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

"ಭಾನುವಾರ ಸೋತ್ರೆ ಅಪ್ಪ ಬಿಡಿಸ್ಬಿಡ್ತಾರೆ ಮಾಸ್ಟರ್. ಇದೊಂದ್ ಸಲ ಕೂಗಿ."

ಬೂಟು ಕೆಳಗಿಟ್ಟರು. "ನಂಗೂ ಭಯ ಆಗುತ್ತಮ್ಮಾ," ಅಂದರು. "ನೀವೆಲ್ಲ ಹೋಗ್ಬಿಟ್ರೆ ನಂಗೆ ಬೆಳಿಗ್ಗೆ ಎದ್ದು ಏನ್ ಕೆಲ್ಸ ಹೇಳು? ಆದ್ರೆ ಕೂಗಲ್ಲ."

ಆ ಭಾನುವಾರ ಮತ್ತೆ ಶಿವಾಜಿನಗರದ ತಂಡವೇ ಎದುರು. ಆ ತುಂಟನೂ ಬಂದಿದ್ದ. ದ್ವಿತೀಯಾರ್ಧದಲ್ಲಿ ಚೆಂಡು ನಮ್ಮ ಗೋಲಿನತ್ತ ಉರುಳುವಾಗ ಗಂಟಲು ಸರಿಮಾಡಿಕೊಂಡು ಕೂಗಿಯೇಬಿಟ್ಟ: "ಬಿಟ್ಬಿಡಮ್ಮಾ, ಔಟ್ ಹೋಗುತ್ತೆ!"

ನಮ್ಮ ಹುಡುಗಿ ಗೆರೆಯ ಕಡೆ ತಿರುಗಿಯೂ ನೋಡಲಿಲ್ಲ. ಮಾಸ್ಟರ್ ಕೂಗುವುದಿಲ್ಲವೆಂದು ಈಗ ಅವಳಿಗೆ ಗೊತ್ತಿತ್ತು. "ನಂದು!" ಎಂದು ಕಿರುಚಿ ಚೆಂಡನ್ನು ಎದೆಗವುಚಿಕೊಂಡಳು. ಎದ್ದವಳೇ ನಮ್ಮ ಮೇಲೆ ಹರಿಹಾಯ್ದಳು. "ಏನೇ ನೋಡ್ತಾ ನಿಂತಿದ್ಯಾ, ಮುಂದಕ್ಕೋಡೇ!" ನಾನೂ ಬಾಯಿ ಬಿಟ್ಟೆ. ಒಬ್ಬೊಬ್ಬರೇ ಕೂಗಲು ಶುರುಮಾಡಿದರು. ನಮ್ಮ ದನಿ ನಮಗೇ ಹೊಸದಾಗಿತ್ತು. ಕೊನೆಗೆ ಒಂದೊಂದು ಗೋಲಿನ ಸಮ. ಮಾಸ್ಟರ್ ಲವಂಗವನ್ನು ಉಗಿದು, ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ಹಲಸೂರು ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪ ಹೇಳಿದರು, "ಆ ಗೋಲ್ ಹುಡುಗಿಗೆ ಇಂಥ ಗಂಟ್ಲೈತೆ ಅಂತ ಗೊತ್ತೇ ಇರ್ಲಿಲ್ಲ ಕಣೇ." ಇಂದಿರಾನಗರದ ಮಾತು ಮತ್ತೆ ಎತ್ತಲಿಲ್ಲ.

ಅದೆಲ್ಲ ಆಗಿ ಎಷ್ಟೋ ವರ್ಷಗಳಾದವು. ಮಾಸ್ಟರ್ ಹೋದ ವರ್ಷ ತೀರಿಕೊಂಡರು. ಈಗ ಅದೇ ಮೈದಾನದ ಗೆರೆಯ ಮೇಲೆ ಕೋಚ್ ಆಗಿ ನಾನು ನಿಲ್ಲುತ್ತೇನೆ, ಜೇಬಿನಲ್ಲಿ ಲವಂಗ ಇಟ್ಟುಕೊಂಡು. ಅವರು ಎಷ್ಟು ಕಷ್ಟಪಟ್ಟಿದ್ದರೆಂದು ಅಲ್ಲಿ ನಿಂತ ಮೇಲೆಯೇ ನನಗೆ ತಿಳಿದದ್ದು. ಮೊನ್ನೆ ನಮ್ಮ ತಂಡದ ಪುಟ್ಟ ಹುಡುಗಿಯೊಬ್ಬಳ ಕಾಲಿಗೆ ಚೆಂಡು ಬಂತು. ಎಡಗಡೆ ಗೆಳತಿ ಒಬ್ಬಳೇ ಖಾಲಿ ನಿಂತಿದ್ದಳು. "ಲೆಫ್ಟ್" ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ಲವಂಗ ಕಚ್ಚಿದೆ. ಹುಡುಗಿ ನನ್ನ ಕಡೆ ತಿರುಗಲಿಲ್ಲ. ತಲೆ ಎತ್ತಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಯೋಚಿಸಿ ಬಲಗಡೆಗೆ ಕೊಟ್ಟಳು. ಪಾಸ್ ತಪ್ಪಾಯಿತು. ನನ್ನ ಬಾಯೆಲ್ಲ ಉರಿಯುತ್ತಿತ್ತು, ನಾನು ಚಪ್ಪಾಳೆ ತಟ್ಟಿದೆ.