ಅವ್ವನ ಮೇಲೆ ಏರಿಬಂದ ಟರ್ಕಿ ಹುಂಜ

ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಟರ್ಕಿ ಹುಂಜವಿತ್ತು. ತಾನೊಂದು ಹಕ್ಕಿ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ.

ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ರಸ್ತೆಯ ಪಕ್ಕ ನಮ್ಮ ಹೊಲದ ಮನೆ. ಅಪ್ಪ ಮೆಣಸಿನಕಾಯಿ ಲಾರಿ ಓಡಿಸುತ್ತಿದ್ದ. ಒಮ್ಮೆ ದೂರದ ಊರಿನಲ್ಲಿ ಲೋಡು ಇಳಿಸಿ ಬರುವಾಗ ರಟ್ಟಿನ ಡಬ್ಬಿಯಲ್ಲಿ ಟರ್ಕಿ ಮರಿಗಳನ್ನು ತಂದ. ಕೋಳಿ ಮರಿ ಮೊಟ್ಟೆಯಿಂದ ಬಂದ ಕೂಡಲೇ ಕಾಳು ಕುಕ್ಕುತ್ತದೆ. ಟರ್ಕಿ ಮರಿಗೆ ಅದೂ ಬಾರದು, ನುಚ್ಚಿನ ಮೇಲೆಯೇ ನಿಂತು ಹಸಿವಿನಿಂದ ಚಿಂವ್‌ಗುಡುತ್ತದೆ. ಅಕ್ಕ ನನ್ನ ಬಣ್ಣದ ಗೋಲಿಗಳನ್ನು ಕಸಿದುಕೊಂಡು ನುಚ್ಚಿನ ತಟ್ಟೆಗೆ ಹಾಕಿದಳು. ಮರಿಗಳು ಹೊಳೆಯುವ ಗೋಲಿ ಕುಕ್ಕಲು ಹೋದವು, ನುಚ್ಚು ಬಾಯಿಗೆ ಸಿಕ್ಕಿತು. ಬೆಚ್ಚಗಿರಲೆಂದು ಡಬ್ಬಿಗೆ ಬಲ್ಬು ಕಟ್ಟಿದ್ದೆವು. ಕರೆಂಟು ಹೋದರೆ ಅಕ್ಕನ ಮಡಿಲೇ ಗತಿ. ಓದುತ್ತ ಕೂತವಳ ದುಪಟ್ಟಾದೊಳಗಿಂದ ಒಂದೊಂದೇ ತಲೆ ಇಣುಕುತ್ತಿತ್ತು.

ಕೊನೆಗೆ ಉಳಿದದ್ದು ಎರಡು ಹೇಂಟೆ, ಒಂದು ಹುಂಜ. ಹುಂಜಕ್ಕೆ ದೊಡ್ಡಾಂವ ಎಂದು ಹೆಸರಿಟ್ಟೆವು. ಹೇಂಟೆಗಳು ಹೊಲದಲ್ಲಿ ಹುಳ ಆಯ್ದುಕೊಂಡು ತಿರುಗಿದರೆ, ಇವನು ಮಾತ್ರ ಅಕ್ಕನ ಬೆನ್ನು ಬಿಡುತ್ತಿರಲಿಲ್ಲ. ಮೆಣಸಿನಕಾಯಿ ಕೆಂಪಾಗುವ ಹೊತ್ತಿಗೆ ಅವನೂ ದೊಡ್ಡವನಾದ. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಗಳನ್ನು ನೆಲಕ್ಕೆ ತಾಗಿಸಿ ಸರ್ರೆಂದು ಎಳೆಯುತ್ತ ನಡೆಯುತ್ತಿದ್ದ. ಬೋಳು ತಲೆ ಒಮ್ಮೆ ನೀಲಿ, ಒಮ್ಮೆ ಕೆಂಡದಂಥ ಕೆಂಪು. ಮೊದಲು ನನ್ನ ಸೈಕಲ್ಲಿನ ಹಿಂದೆ ಓಡಿದ. ಆಮೇಲೆ ಟಪಾಲಿನವರನ್ನು ಗೇಟಿನಾಚೆ ಅಟ್ಟಿದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ಆ ದಿನ ನಗು ಬರಲಿಲ್ಲ. ಅಕ್ಕ ಕಾಲೇಜಿಗೆಂದು ರಾಣೆಬೆನ್ನೂರಿನ ಬಸ್ಸು ಹತ್ತಿ ಹೋಗಿದ್ದಳು. ಅವಳು ಹೋದಾಗಿನಿಂದ ದೊಡ್ಡಾಂವ ಗೇಟಿನಿಂದ ಬೇಲಿಗೆ, ಬೇಲಿಯಿಂದ ಗೇಟಿಗೆ ಸುತ್ತುತ್ತಲೇ ಇದ್ದ. ಕಣದಲ್ಲಿ ಹರವಿದ ಮೆಣಸಿನಕಾಯಿಯ ಘಾಟು ಗಾಳಿಗೆ ಏಳುತ್ತಿತ್ತು. ಅವ್ವ ಬಗ್ಗಿ ಕಾಯಿ ತಿರುವುತ್ತಿದ್ದಳು. ಅವಳ ಬೆನ್ನು ಕಂಡದ್ದೇ ತಡ, ದೊಡ್ಡಾಂವ ಓಡಿಬಂದು ಎಗರಿಬಿಟ್ಟ. ಅವ್ವ ಮುಗ್ಗರಿಸಿ ಬಿದ್ದಳು. ಅವನ ಕಾಲಿನ ಹಿಂದಿನ ಮುಳ್ಳಿನಂಥ ಉಗುರು ಅವಳ ತೋಳನ್ನು ಸೀಳಿತ್ತು. ಗಾಯಕ್ಕೆ ಮೆಣಸಿನಕಾಯಿ ಪುಡಿ ತಾಗಿ ಅವಳು ಚೀರಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಅಪ್ಪ ಗೋಣಿಚೀಲ ಎಸೆದು ಹುಂಜವನ್ನು ಹಿಡಿದ, ಕಾಲು ಕಟ್ಟಿದ, ದೊಡ್ಡ ಬುಟ್ಟಿಯ ಕೆಳಗೆ ಹಾಕಿದ. "ಸಂಜಿ ಬಸ್ಸಿಗೆ ಇದನ್ನ ಬ್ಯಾಡಗಿಗೆ ಒಯ್ತೇನಿ. ಖಾನಾವಳಿಯಂವ ಕೇಳಾಕತ್ತು ಭಾಳ ದಿನಾ ಆತು," ಎಂದ.

ಖಾನಾವಳಿಗೆ ಹೋದ ಕೋಳಿ ಮರಳಿ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ರಸ್ತೆಗೆ ಓಡಿ ಅಕ್ಕನ ಬಸ್ಸು ನೋಡಿ ಬರುತ್ತಿದ್ದೆ, ಬುಟ್ಟಿಯ ಹತ್ತಿರ ಕುಕ್ಕರಿಸುತ್ತಿದ್ದೆ, ಅವ್ವನ ತೋಳಿನ ಅರಿಶಿನದ ಪಟ್ಟಿ ನೋಡಿ ಮತ್ತೆ ರಸ್ತೆಗೆ ಓಡುತ್ತಿದ್ದೆ. ಬುಟ್ಟಿಯೊಳಗೆ ಅವನು ದಬದಬ ಬಡಿದುಕೊಳ್ಳುತ್ತಿದ್ದ. ಅವ್ವನಿಗೆ ಹೀಗೆ ಮಾಡಿದವನ ಮೇಲೆ ನನಗೆ ಸಿಟ್ಟೂ ಇತ್ತು. ಅವನು ಹೋಗಬಾರದು ಎಂದೂ ಇತ್ತು.

ಬಿಸಿಲು ಇಳಿಯುವಾಗ ಅಕ್ಕ ಬಂದಳು. ಮೊದಲು ಅವ್ವನ ತೋಳು ನೋಡಿ ಕಣ್ಣು ತುಂಬಿಕೊಂಡಳು. ಆಮೇಲೆ ಬುಟ್ಟಿಯ ಮುಂದೆ ಕೂತು ಸಂದಿಯಲ್ಲಿ ಇಣುಕಿದಳು.

"ಅಪ್ಪಾ, ಅಂವಗ ನಮ್ಮ ಮ್ಯಾಲೆ ಹಗಿ ಇಲ್ಲ. ನಾವೂ ತನ್ನಂಗs ಅಂತ ತಿಳಕೊಂಡಾನ. ಯಾರು ಬೆನ್ನು ತೋರಸ್ತಾರೋ, ಹಿಂದ ಸರಿತಾರೋ ಅವರ ಮ್ಯಾಲೆ ಬೀಳ್ತಾನ. ನಮ್ಮ ಎಮ್ಮಿ ಗೊಡವಿಗೆ ಯಾಕ ಹೋಗಾಂಗಿಲ್ಲ ನೋಡು. ಅದು ಜಾಗಾ ಬಿಟ್ಟು ಅಲ್ಲಾಡಾಂಗಿಲ್ಲ."

"ಹಂಗಾದ್ರ ನಿಮ್ಮವ್ವ ಏನು ಎಮ್ಮಿ ಆಗಬೇಕೇನ?" ಅಪ್ಪ ಕೇಳಿದ.

"ಹೂಂ. ಒಂದ ಸಲ ಅವ್ವ ಅಂವಗ ಎದುರು ನಿಲ್ಲಬೇಕು."

"ನಾ ಒಲ್ಲೆ ನಮ್ಮವ್ವಾ!" ಅವ್ವ ಎದ್ದು ಒಳಗೆ ಹೋಗಿಬಿಟ್ಟಳು.

ಅಪ್ಪ ಗೋಡೆಗೆ ಒರಗಿ ಬೀಡಿ ಹಚ್ಚಿದ. "ಬಸ್ ಬರೂ ಮಟಾ ಏನರ ಮಾಡ್ರಿ. ಆಮ್ಯಾಲೆ ನಾ ಕೇಳಾಂವಲ್ಲ," ಎಂದ.

ಅಕ್ಕ ಒಳಗೆ ಹೋಗಿ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಅವ್ವ ಹೊರಗೆ ಬಂದಾಗ ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು, ಕೈಯಲ್ಲಿ ಮೊರವಿತ್ತು. ಅಕ್ಕ ಬುಟ್ಟಿ ಎತ್ತಿ ಕಾಲಿನ ಹಗ್ಗ ಬಿಚ್ಚಿದಳು. ದೊಡ್ಡಾಂವ ಮೈಕೊಡವಿ ಎದ್ದ, ಅವ್ವನನ್ನು ಕಂಡ, ಬಾಲ ಬಿಚ್ಚಿದ, ಕೆಂಪಾದ.

"ಓಡಬ್ಯಾಡವ್ವಾ. ಮುಂದ ಹೋಗು."

ಅವ್ವ ಮೊರವನ್ನು ಎದೆಗೆ ಅಡ್ಡ ಹಿಡಿದಳು. ಒಂದು ಹೆಜ್ಜೆ ಮುಂದಿಟ್ಟಳು. ಅವನು ಎಗರಿದ. ಮೊರಕ್ಕೆ ಬಡಿದು ಕೆಳಗೆ ಬಿದ್ದ. ಮತ್ತೆ ಎಗರಿದ, ಮತ್ತೆ ಬಿದ್ದ. ಮೂರನೇ ಸಲ ಅವ್ವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನನ್ನ ಅಂಗಳದಾಗ ನನಗs ದಬಾಯಿಸ್ತೀಯೇನೋ?" ಎಂದು ಮೊರ ಬಿಸಾಡಿ, ಎರಡೂ ಕೈಗಳಿಂದ ಅವನ ಕುತ್ತಿಗೆಯ ಬುಡ ಹಿಡಿದು ನೆಲಕ್ಕೆ ಒತ್ತಿದಳು.

"ನೋವು ಮಾಡಬ್ಯಾಡ. ಬಿಡಲೂಬ್ಯಾಡ. ರೆಕ್ಕಿ ಮಡಚೂ ಮಟಾ ಹಿಡಿ," ಎಂದಳು ಅಕ್ಕ.

ದೂರದ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ನಾನು ಅಪ್ಪನನ್ನೇ ನೋಡಿದೆ. ಅಪ್ಪ ಅವ್ವನನ್ನೇ ನೋಡುತ್ತಿದ್ದ. ಅವಳ ಕೈಯ ಕೆಳಗೆ ದೊಡ್ಡಾಂವನ ಬಾಲ ನಿಧಾನಕ್ಕೆ ಮುಚ್ಚಿಕೊಂಡಿತು, ರೆಕ್ಕೆ ಮಡಚಿತು, ತಲೆಯ ಕೆಂಪು ಇಳಿದು ಬಿಳಚಿಕೊಂಡಿತು. ಅವ್ವ ಕೈಬಿಟ್ಟಳು. ಅವನು ಎದ್ದು ನಿಂತ. ಅವ್ವ ಅವನತ್ತಲೇ ನಡೆದಳು. ಅವನು ದಾರಿ ಬಿಟ್ಟು, ಎಮ್ಮೆಯನ್ನು ಬಳಸಿ, ಹೇಂಟೆಗಳಿದ್ದ ಕಡೆ ಹೋದ.

ಬಸ್ಸು ಧೂಳೆಬ್ಬಿಸಿ ಹೋಯಿತು. "ಹೋತು," ಎಂದ ಅಪ್ಪ. ಬೀಡಿಯನ್ನು ನೆಲಕ್ಕೆ ತಿಕ್ಕಿ ಆರಿಸಿ, "ಇರ್ಲಿ," ಎಂದ.

ನನಗೆ ಕುಣಿಯುವಷ್ಟು ಖುಷಿ. ಅಕ್ಕನ ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ. "ಇನ್ನ ಯಾರೂ ಅಂವನ್ನ ಎತ್ತಿ ಆಡಸಬಾರದು. ಕೈಯಾಗ ತಿನಸಬಾರದು. ನಾನೂ ಇಲ್ಲ. ತಾನು ಹಕ್ಕಿ ಅನ್ನೂದು ಅಂವಗ ಗೊತ್ತಾಗ್ಲಿ," ಎಂದಳು. ಅಪ್ಪ ಆಗಲೇ ಹಳೆಯ ಬಲೆ ತಂದು, ಹಿತ್ತಲಿನ ಬೇವಿನ ಮರದಡಿ ಮೂರೂ ಟರ್ಕಿಗಳಿಗೆ ಸೇರಿಸಿ ಒಂದು ಬೇರೆ ಜಾಗ ಕಟ್ಟಿಕೊಟ್ಟ.

ಕತ್ತಲಾಗುವಾಗ ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ದನಿ ಕೇಳಿ ಹಿತ್ತಲಿನಿಂದ ದೊಡ್ಡಾಂವ ಗುಳುಗುಳು ಎಂದು ಕರೆದ. ಅಕ್ಕನ ಕೈ ನಿಂತಿತು.

"ಅಕ್ಕಾ, ನಿನ್ನ ಕರ್ಯಾಕತ್ತಾನ," ಎಂದೆ.

"ಕರೀಲಿ," ಎಂದಳು. ರೊಟ್ಟಿ ಹೆಂಚಿನ ಮೇಲೆ ಹೊತ್ತಿದ ವಾಸನೆ ಬಂತು. ಅವಳು ಏಳಲಿಲ್ಲ.

ಕೆಲವು ದಿನ ಅವನು ಹಾಗೆಯೇ ಕರೆದ, ಬಲೆಗುಂಟ ಓಡಾಡಿದ. ಆಮೇಲೆ ಒಂದು ಮುಂಜಾನೆ ಅವನು ಬಾಲ ಬಿಚ್ಚಿದ್ದು ಹೇಂಟೆಗಳ ಮುಂದೆ. ಅಕ್ಕ ಕಿಟಕಿಯಿಂದ ನೋಡಿ, ನನ್ನನ್ನು ಕರೆದು ತೋರಿಸಿ, ಪುಸ್ತಕದ ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು. ಅವನು ನಮ್ಮಲ್ಲಿ ವರ್ಷಗಟ್ಟಲೆ ಬಾಳಿದ. ಅವ್ವ ನೀರಿಡಲು ಹೋದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ.

ಮೊನ್ನೆ ನೀವು ನಿಮ್ಮ ಬೆಕ್ಕಿನ ಹುಟ್ಟುಹಬ್ಬ ಮಾಡಿದಿರಿ. ನನಗೂ ಬಣ್ಣದ ಟೋಪಿ ಹಾಕಿ ಫೋಟೊ ತೆಗೆದಿರಿ. ನಮ್ಮ ಕಾಲದಲ್ಲಿ ಬೆಕ್ಕು ಯಾವಾಗ ಹುಟ್ಟಿತೆಂದು ಬೆಕ್ಕಿಗೇ ಗೊತ್ತಿರಬೇಕಿತ್ತು. ಅದಕ್ಕೆ ತಿರುಗಾಡಲು ಊರೆಲ್ಲ ಇತ್ತು. ನಿಮ್ಮದು ಮೇಲಿನ ಮಹಡಿಯ ಮನೆ, ಬಾಗಿಲು ಸದಾ ಹಾಕಿರುತ್ತದೆ. ಅದು ನಿಮ್ಮ ಹಾಸಿಗೆಯಲ್ಲೇ ಮಲಗುತ್ತದೆ, ನಿಮ್ಮ ಪ್ರೀತಿಗೆ ನಾನೇನೂ ಅನ್ನುವುದಿಲ್ಲ. ಆದರೆ ಫೋಟೊದ ನಡುವೆ ಅದು ಮೈ ಬಿಡಿಸಿಕೊಂಡು ಕಿಟಕಿಗೆ ಜಿಗಿದು, ಹೊರಗಿನ ಪಾರಿವಾಳಗಳನ್ನು ನೋಡುತ್ತ ಕೂತಿತಲ್ಲ, ನೀವು ಮತ್ತೆ ಎತ್ತಿ ತಂದಿರಿ. ಮುಂದಿನ ಸಲ ಸ್ವಲ್ಪ ಹೊತ್ತು ಅಲ್ಲೇ ಬಿಡಿ, ಮಕ್ಕಳೇ. ಬೇಕಾದಷ್ಟು ನೋಡಿಕೊಳ್ಳಲಿ.